ಖಾಲಿ ಗುಳ್ಳೆಗಳ ಪುಸ್ತಕ

ಮನೆಯವರೆಲ್ಲ ಅವಳನ್ನು ಕರೆಯುವುದು ಗೀಚಿ ಎಂದೇ. ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಮೂಗಿಗೆ ಫ್ರೇಮ್ ಹೊಂದಿಸುವ ಕೆಲಸ, ಮಿಕ್ಕ ಹೊತ್ತೆಲ್ಲ ಟ್ಯಾಬ್ಲೆಟ್ ಮೇಲೆ ಕಾಮಿಕ್ಸ್. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಒಂದು ಚಿತ್ರ ಆನ್‌ಲೈನ್‌ಗೆ ಹಾಕಿದಳೆಂದರೆ ಮುಗಿಯಿತು: ಫೋನು ತೆಗಿ, ನೋಡು, ಇಡು, ಮತ್ತೆ ತೆಗಿ! ಲೈಕುಗಳೇನೋ ಬೀಳುತ್ತಿದ್ದವು, ಪುಸ್ತಕ ಕೊಳ್ಳುವವರು ಮಾತ್ರ ನಾಪತ್ತೆ. ಯಾರಾದರೂ ಎದುರಿಗೆ ನಿಂತು ಕತೆ ಏನೆಂದು ಕೇಳಿದರಂತೂ ಅವಳ ಬಾಯಿಗೆ ಬೀಗ.

ಈ ಸಲದ ಕಾಮಿಕ್ಸ್ ಮೇಳದಲ್ಲೂ ಯಾರೂ ಕೊಳ್ಳದಿದ್ದರೆ ಚಿತ್ರ ಬರೆಯುವುದನ್ನೇ ಬಿಡುತ್ತೇನೆಂದು ಅತ್ತಿಗೆಯ ಮುಂದೆ ಹೇಳಿಬಿಟ್ಟಿದ್ದಳು. ಅದಕ್ಕೇ ಅತ್ತಿಗೆ ಹೊಸ ಪುಸ್ತಕದ ಪ್ರತಿಗಳ ಬಂಡಲ್ ಹೊತ್ತುಕೊಂಡು ಜೊತೆಗೆ ಬಂದಿದ್ದಳು. ಒಂದೇ ಬಚ್ಚಲಿಗಾಗಿ ದಿನಾ ಬೆಳಗ್ಗೆ ಜಗಳವಾಡುವ ಅತ್ತಿಗೆ ನಾದಿನಿಯರ ಕತೆ ಅದು. ಯಾರ ಮನೆಯದ್ದೆಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮೇಜಿನ ಮೇಲೆ ಬಂಡಲ್ ಬಿಚ್ಚಿ ಅತ್ತಿಗೆಯೇ ಮೊದಲು ಪುಟ ತಿರುವಿದಳು.

"ಗೀಚೀ, ಇದ್ರಲ್ಲಿ ಯಾರೂ ಮಾತೇ ಆಡ್ತಿಲ್ವಲ್ಲೇ?"

ಎಲ್ಲರ ತಲೆಯ ಮೇಲೂ ಮಾತಿನ ಗುಳ್ಳೆಗಳಿದ್ದವು. ಒಳಗೆ ಒಂದಕ್ಷರವಿಲ್ಲ! ಟ್ಯಾಬ್ಲೆಟ್ಟಿನಲ್ಲಿ ಚಿತ್ರ ಒಂದು ಪದರದಲ್ಲಿ, ಮಾತು ಅದರ ಮೇಲೆ ಹಾಸುವ ಇನ್ನೊಂದು ಪದರದಲ್ಲಿ ಇಡುತ್ತಿದ್ದಳು ಗೀಚಿ. ಚಿತ್ರ ತಿದ್ದುವಾಗ ಮಾತಿನ ಪದರವನ್ನು ಕಾಣದಂತೆ ಮರೆಮಾಡಿದವಳು ಅದನ್ನು ಮತ್ತೆ ತೆರೆಯದೆ ಹಾಗೇ ಫೈಲ್ ಪ್ರೆಸ್ಸಿಗೆ ಕಳಿಸಿದ್ದಳು. ಪ್ರೆಸ್ಸಿನವನು ಮಾದರಿ ಪ್ರತಿ ತೋರಿಸಿದಾಗ ಬಣ್ಣ ಸರಿಯಿದೆಯೇ ಎಂದಷ್ಟೇ ನೋಡಿದ್ದಳು. ಮಾತುಗಳು ಬಾಯಿಪಾಠವಾಗಿದ್ದವು, ಖಾಲಿ ಗುಳ್ಳೆಯಲ್ಲೂ ಅವಳಿಗೆ ಅವು ಕಂಡಿದ್ದವು.

"ಮನೆಗೆ ಹೋಗೋಣ ಬನ್ನಿ ಅತ್ತಿಗೆ."

"ಇಷ್ಟು ಭಾರ ಹೊತ್ಕೊಂಡು ಬಂದಿದ್ದು ವಾಪಸ್ ಹೊರೋಕಾ? ಕೂತ್ಕೋ ಸುಮ್ನೆ!"

ಅಷ್ಟರಲ್ಲಿ ಕೆಂಪು ಕೊಡೆಯ ಹೆಂಗಸೊಬ್ಬರು ಪುಸ್ತಕ ಎತ್ತಿಕೊಂಡು, "ಇವ್ಳು ಬಕೆಟ್ ಹಿಡ್ಕೊಂಡು ಏನಮ್ಮಾ ಕಿರುಚ್ತಿದ್ದಾಳೆ?" ಎಂದರು.

ಗೀಚಿಯ ಕಾಲು ಮೇಜಿನಡಿ ಒಂದೇ ಸಮನೆ ಕುಣಿಯುತ್ತಿತ್ತು. ಅತ್ತಿಗೆ ಮೊಣಕೈಯಿಂದ ತಿವಿದಳು.

"ಅದು... 'ಒಳಗೇನು ಸಂಸಾರ ಹೂಡಿದ್ದೀರಾ? ಹೊರಗೆ ಬನ್ನಿ!' ಅಂತ."

ಹೆಂಗಸು ಕೊಡೆ ಬೀಳಿಸಿಕೊಂಡು ನಕ್ಕರು. "ನಮ್ಮನೇಲೂ ಇದೇ ಕಣಮ್ಮ! ಇದಕ್ಕೆ ಒಳಗಿರೋಳು ಏನಂತಾಳೆ?"

ಗೀಚಿ ಹೇಳಿದಳು. ಪಕ್ಕದ ಮೇಜಿನವರು ಕಿವಿಗೊಟ್ಟರು, ಹೋಗುತ್ತಿದ್ದವರು ನಿಂತರು. ದನಿ ಏರುತ್ತಾ ಹೋಯಿತು. ಅತ್ತಿಗೆಯ ಮೂಗಿನ ದನಿಯನ್ನೂ ಅವಳು ಅಣಕಿಸಿದಳು, ಅತ್ತಿಗೆ ಎದುರಿಗೇ! ಹೆಂಗಸು ಪುಸ್ತಕ ಕೊಂಡು, ಮಾತುಗಳನ್ನು ಗೀಚಿಯ ಕೈಯಿಂದಲೇ ಬರೆಸಿಕೊಂಡರು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಗೀಚಿಗೆ ಉಸಿರಾಡಲು ಪುರುಸೊತ್ತಿಲ್ಲ. ಬರೆಯುತ್ತಾ ಬರೆಯುತ್ತಾ ಹಳೆ ಮಾತು ಸಪ್ಪೆ ಎನಿಸಿ ಹೊಸದನ್ನು ಸೇರಿಸುತ್ತಿದ್ದಳು. ಒಬ್ಬರ ಪುಸ್ತಕದಂತೆ ಇನ್ನೊಬ್ಬರದ್ದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವಳ ಎರಡನೇ ಪೆನ್ನು ಕಾಣೆಯಾಯಿತು. ಹುಡುಕಿದರೆ ಅತ್ತಿಗೆ ಮೇಜಿನ ಮೂಲೆಯಲ್ಲಿ ತಲೆ ಬಾಗಿಸಿ ಕೂತು ಒಂದು ಪ್ರತಿಯ ಗುಳ್ಳೆಗಳನ್ನು ತುಂಬಿಸುತ್ತಿದ್ದಳು.

"ಏನ್ಮಾಡ್ತಿದ್ದೀರಾ?"

"ಎಲ್ಲಾ ಜಗಳದಲ್ಲೂ ನೀನೇ ಗೆದ್ದಿದ್ದೀಯಲ್ಲ, ಕಳ್ಳಿ! ನಾನೇನು ಬಾಯಿಲ್ದೋಳಾ?"

ಗೀಚಿ ಬಗ್ಗಿ ಓದಿದಳು. ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿತ್ತು! ಅವಳ ಹಿಂದಿನಿಂದ ಒಬ್ಬ ಹುಡುಗಿ ಇಣುಕಿ, "ಅಕ್ಕಾ, ನಂಗೆ ಅದೇ ಬೇಕು" ಎಂದಳು.

ಅತ್ತಿಗೆ ತಲೆ ಎತ್ತಲಿಲ್ಲ. "ತಡಿಯಮ್ಮ, ಇವ್ಳಿಗೆ ಇನ್ನೂ ಎರಡು ಮಾತು ಹೇಳೋದಿದೆ."