ಒಂಬತ್ತು ಕಪ್ಪು, ಒಂದು ಹಂಡೆ

ನನ್ನ ನಾದಿನಿ ಅಂಗಾತ ಈಜಲು ಕಲಿತದ್ದು ನನ್ನ ತಪ್ಪಿನಿಂದ. ಅವಳು ರಾಜ್ಯಕ್ಕೆ ಮೊದಲು ಬಂದಿದ್ದಳೆಂದು ಹೇಳುವವರಿಗೆ ಇದು ಗೊತ್ತಿಲ್ಲ.

ನಾನು ಆಳಂದ ತಾಲೂಕಿನ ಕಡಗಂಚಿ ಕಡೆಯವಳು. ಕುಡಿಯುವ ನೀರಿಗೇ ಹರದಾರಿ ನಡೆಯುತ್ತಿದ್ದ ಊರು ನಮ್ಮದು. ಮೊಣಕಾಲಿನ ಮೇಲೆ ಬರುವ ನೀರಿಗೆ ನಾನು ಇಳಿದವಳೇ ಅಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಡಿಸಿ, ಹದಿನೈದು ತುಂಬುವ ಮೊದಲೇ ನನ್ನನ್ನು ಅಫಜಲಪುರ ತಾಲೂಕಿಗೆ, ಹವಳಗಾದ ಆಚೆ ಭೀಮಾ ದಂಡೆಯ ಊರಿಗೆ ಕೊಟ್ಟರು. ಎಪ್ಪತ್ತರ ದಶಕ ಆಗತಾನೆ ಶುರುವಾಗಿತ್ತು. ಗಂಡನ ತಂಗಿಗೆ ಆಗ ಎಂಟು ವರ್ಷ.

ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಎಂಟು ತುಂಬಿದ ಮಗು, ಗಂಡಾಗಲಿ ಹೆಣ್ಣಾಗಲಿ, ಹೊಲದ ಬಾವಿಯಲ್ಲಿ ಈಜು ಕಲಿಯಲೇಬೇಕು. ಮಳೆಗಾಲದಲ್ಲಿ ಹೊಳೆ ಹೊಲದ ತನಕ ಬರುತ್ತಿತ್ತು. ಒಣಗಿದ ಎರಡು ಸೋರೆಬುರುಡೆ ಹಗ್ಗದಿಂದ ಮಗುವಿನ ಬೆನ್ನಿಗೆ ಕಟ್ಟಿ ಬಾವಿಗೆ ತಳ್ಳುತ್ತಿದ್ದರು. ಬುರುಡೆ ತೇಲಿಸುತ್ತವೆ, ಮಗು ಕೈಕಾಲು ಬಡಿಯುತ್ತ ಕಲಿಯುತ್ತದೆ. ಆ ದಿನ ಕಟ್ಟುವ ಕೆಲಸ ನನಗೆ ಹೇಳಿದರು. ಬೆನ್ನಿಗೆ ಎಂದು ಯಾರೂ ಹೇಳಲಿಲ್ಲ, ಎಲ್ಲರಿಗೂ ಗೊತ್ತಿರುವುದನ್ನು ಯಾರು ಹೇಳುತ್ತಾರೆ. ಉಸಿರಿರುವುದು ಎದೆಯಲ್ಲಿ, ಅದೇ ಮುಳುಗಬಾರದು ಎಂದುಕೊಂಡು ನಾನು ಬುರುಡೆಗಳನ್ನು ಎದೆಗೆ ಕಟ್ಟಿ ಗಂಟು ಬೆನ್ನಿಗೆ ಹಾಕಿದೆ.

ಮಾವ ಮೆಟ್ಟಿಲ ಮೇಲಿಂದ ನೂಕಿದರು. ಹುಡುಗಿ ಒಮ್ಮೆ ಮುಳುಗಿ ಎದ್ದು, ಹೊಟ್ಟೆ ಮೇಲಾಗಿ ಕಪ್ಪೆಯಂತೆ ಬಿದ್ದುಕೊಂಡಳು.

"ಇದನ್ನ ಯಾವಾಕಿ ಕಟ್ಯಾಳಲೇ?" ಮಾವ ಕೇಳಿದರು.

"ನಿಮ್ಮ ಹೊಸಾ ಸೊಸಿ," ಎಂದ ನನ್ನ ಗಂಡ. "ಅವರೂರ ಬಾವ್ಯಾಗ ಬರೇ ಕಲ್ಲ ಅದಾವ. ಆಕಿಗೇನ್ ಗೊತ್ತ."

ದಂಡೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಡುಗಿ ಮಾತ್ರ ಅಳಲಿಲ್ಲ. ಆಕಾಶ ನೋಡುತ್ತ, ಕೈಯನ್ನು ಹಿಂದಕ್ಕೆ ಒಂದೊಂದಾಗಿ ಎಸೆಯುತ್ತ ಎದುರಿನ ಗೋಡೆ ಮುಟ್ಟಿದಳು. ಮರುದಿನ ಬುರುಡೆಯನ್ನು ಬೆನ್ನಿಗೆ ಕಟ್ಟಿದರೆ ನೀರು ಕುಡಿದು ಕಿರುಚಿದಳು. ಮುಖ ಕೆಳಗೆ ಹಾಕಿ ಈಜುವುದಕ್ಕೆ ಅವಳು ಒಪ್ಪಲೇ ಇಲ್ಲ. ಬಿಟ್ಟುಬಿಟ್ಟರು.

ಶಾಲೆಯ ಆಟದ ಮಾಸ್ತರರು ಅವಳು ಈಜುವುದನ್ನು ನೋಡಿ ಗುಲ್ಬರ್ಗಾಕ್ಕೆ, ಅಲ್ಲಿಂದ ಬೆಂಗಳೂರಿಗೆ ಕರೆದುಕೊಂಡು ಹೋದರು. ಅದಕ್ಕೆ ಬ್ಯಾಕ್‌ಸ್ಟ್ರೋಕ್ ಅನ್ನುತ್ತಾರೆಂದು ಅವರೇ ಹೇಳಿದ್ದು. ಹದಿಮೂರರಿಂದ ಇಪ್ಪತ್ತರವರೆಗೆ ಅವಳು ಒಂಬತ್ತು ಕಪ್ಪು ತಂದಳು. ಎಲ್ಲವೂ ಹಿತ್ತಾಳೆಯವು, ಹೆಸರು, ವರ್ಷ, ಮೊದಲನೆಯ ಸ್ಥಾನ ಎಂದು ಕೊರೆದಿದ್ದವು. ಅತ್ತೆ ಅವನ್ನು ಪಡಸಾಲೆಯ ಗೂಡಿನಲ್ಲಿ ಸಾಲಾಗಿ ಇಟ್ಟಳು. ಯಾರಾದರೂ ಬರುತ್ತಾರೆಂದರೆ ಹಿಂದಿನ ದಿನ ಹುಣಸೆಹಣ್ಣು ಹಚ್ಚಿ ತಿಕ್ಕುವುದು ನನ್ನ ಕೆಲಸ. ಉಗುರಿನ ಸಂದಿಯೆಲ್ಲ ಕಪ್ಪಾಗಿ ವಾರಗಟ್ಟಲೆ ಹೋಗುತ್ತಿರಲಿಲ್ಲ.

ಮಾಸ್ತರರು ಮೊಟ್ಟೆ ಕೊಡಿ ಎಂದಿದ್ದರು. ಲಿಂಗ ಕಟ್ಟಿದ ಮನೆಯಲ್ಲಿ ಮೊಟ್ಟೆ ಎಲ್ಲಿಯದು. ಅದರ ಬದಲು ಒಂದು ಎಮ್ಮೆಯ ಹಾಲು ಪೂರ್ತಿ ಅವಳಿಗೆ. ನನ್ನ ಎರಡು ಮಕ್ಕಳು ಚಹಾ ಕುಡಿದು ಬೆಳೆದರು. ಇದನ್ನು ನಾನು ಮರೆತಿಲ್ಲ, ಈಗಲೂ.

ಓಣಿಯಲ್ಲಿ ಅವಳ ಈಜುಬಟ್ಟೆ ನೋಡಿ ಮೂಗು ಮುರಿಯುತ್ತಿದ್ದರು. "ಆಕಿ ಅಂಗಾತ ಮಲಗಿ ಕಪ್ಪ ಗೆದ್ದಾಳಂತ," ಎಂದು ಪಕ್ಕದ ಮನೆಯಾಕೆ ನಕ್ಕಳು. ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. "ನಾವೂ ದಿನಾ ಹಂಗ ಮಲಗತೀವಿ ಬೇ, ನಮಗ್ಯಾರ ಕೊಟ್ಟಾರ ಕಪ್ಪ," ಎಂದೆ. ಅದು ಅಫಜಲಪುರದ ಸಂತೆಯ ತನಕ ಹೋಯಿತು.

ಇಪ್ಪತ್ತಕ್ಕೆ ಅವಳ ಎಡಭುಜದ ಕೀಲು ಸಡಿಲಾಯಿತು. ಕೈ ಎತ್ತಿ ಹಿಂದಕ್ಕೆ ಎಸೆದರೆ ಜಾರಿ ಬರುತ್ತಿತ್ತು. ಅದೇ ವರ್ಷ ಮಾವ ತೀರಿಕೊಂಡರು. ಅವಳನ್ನು ಜೇವರ್ಗಿ ತಾಲೂಕಿನ ಇಜೇರಿಗೆ ಕೊಟ್ಟೆವು. ಕಪ್ಪುಗಳನ್ನು ಗಂಡನ ಮನೆಗೆ ಒಯ್ಯಲು ಬಿಡಲಿಲ್ಲ. ನೋಡಿದವರು ಏನೇನೋ ಕೇಳುತ್ತಾರೆ ಎಂದಳು ಅತ್ತೆ.

ಅವಳು ಹೋದ ಮರುವರ್ಷ ಭಾಂಡೆ ಮಾರುವವನು ಬಂದ. ಹಳೆಯ ಹಿತ್ತಾಳೆ ತೂಗಿ ಹೊಸ ಪಾತ್ರೆ ಕೊಡುತ್ತಿದ್ದ. ಅತ್ತೆ ಹಾಸಿಗೆ ಹಿಡಿದಿದ್ದಳು, ಕೇಳುವವರಿರಲಿಲ್ಲ. ಒಂಬತ್ತೂ ಕಪ್ಪು, ತೂತು ಬಿದ್ದ ಎರಡು ತಂಬಿಗೆ ಅವನ ತಕ್ಕಡಿಗೆ ಹಾಕಿ, ನೀರು ಕಾಯಿಸುವ ತಾಮ್ರದ ಹಂಡೆಯೊಂದನ್ನು ಇಳಿಸಿಕೊಂಡೆ. ಅವನು ಕಪ್ಪುಗಳನ್ನು ನನ್ನ ಎದುರಿಗೇ ಕಾಲಲ್ಲಿ ತುಳಿದು ಚಪ್ಪಟೆ ಮಾಡಿ ಚೀಲಕ್ಕೆ ತುಂಬಿದ. ನನಗೆ ಏನೂ ಅನಿಸಲಿಲ್ಲ. ಇನ್ನು ತಿಕ್ಕುವುದು ತಪ್ಪಿತು ಎನಿಸಿತು.

ಇಜೇರಿಯವರು ನಾಲ್ಕು ವರ್ಷಕ್ಕೆ ಅವಳನ್ನು ತಿರುಗಿ ಕಳಿಸಿದರು. ಮಕ್ಕಳಾಗಲಿಲ್ಲ, ಕೊಡ ಎತ್ತಿ ತಲೆಯ ಮೇಲಿಟ್ಟುಕೊಳ್ಳಲೂ ಆಗದು, ಇಂಥವಳನ್ನು ಇಟ್ಟುಕೊಂಡು ಏನು ಮಾಡೋಣ ಎಂದರು. ಗೂಡು ಖಾಲಿ ಇದ್ದದ್ದನ್ನು ನೋಡಿ ಕೇಳಿದಳು. ಅಟ್ಟದ ಮೇಲಿಟ್ಟಿದ್ದೇನೆ ಎಂದೆ. ಮತ್ತೆ ಕೇಳಲಿಲ್ಲ.

ಅತ್ತೆಯ ಹೇಲು ಉಚ್ಚೆ ಬಳಿಯುವ ಕೆಲಸ ಅವಳ ಪಾಲಿಗೆ ಬಂತು. ದನದ ಕೆಲಸವೂ. ಅದರ ಮೇಲೆ ಇನ್ನೊಂದು. ಯಾರಾದರೂ ಬಾವಿಗೆ ಬಿದ್ದರೆ, ಹೊಳೆಯಲ್ಲಿ ಹೋದರೆ, ಪೊಲೀಸರು ನಮ್ಮ ಬಾಗಿಲಿಗೆ ಬರುತ್ತಿದ್ದರು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಮುಳುಗಿ, ಒಂದೇ ಕೈಯಲ್ಲಿ ಹೆಣ ತರುತ್ತಿದ್ದಳು. ಒಂದು ಕುಪ್ಪಸದ ಬಟ್ಟೆ, ಒಂದು ತೆಂಗಿನಕಾಯಿ ಕೊಡುತ್ತಿದ್ದರು. ಮನೆಗೆ ಬಂದರೆ ನಾನು ಅಂಗಳದಲ್ಲೇ ಕೂರಿಸಿ ದೂರದಿಂದ ನೀರು ಸುರಿಯುತ್ತಿದ್ದೆ. ಓಣಿಯವರು ತೊಟ್ಟಿಲಿಗೆ, ಉಡಿ ತುಂಬುವುದಕ್ಕೆ ಅವಳನ್ನು ಕರೆಯುವುದು ಬಿಟ್ಟರು. ಹೆಣ ತಗಿಯಾಕಿ ಅನ್ನುತ್ತಿದ್ದರು, ಅವಳಿಗೆ ಕೇಳಿಸುವ ಹಾಗೆಯೇ.

ಹೀಗೆ ಎಂಟು ವರ್ಷ ನಡೆಯಿತು. ಆಮೇಲೆ ಒಂದು ದಿನ ಆ ಆಟದ ಮಾಸ್ತರರು, ತಲೆ ಪೂರ್ತಿ ಬೆಳ್ಳಗಾಗಿ, ಕೋಲೂರಿಕೊಂಡು ಬಂದರು. ಗುಲ್ಬರ್ಗಾದಲ್ಲಿ ಹುಡುಗಿಯರ ಶಾಲೆಯೊಂದು ಈಜುಕೊಳ ಕಟ್ಟಿಸಿದೆ, ಕಲಿಸಲು ಹೆಂಗಸು ಬೇಕು, ಇರಲು ಕೋಣೆಯನ್ನೂ ಕೊಡುತ್ತಾರೆ ಎಂದರು. ರಾಜ್ಯಕ್ಕೆ ಗೆದ್ದದ್ದಕ್ಕೆ ಸಾಕ್ಷಿ ಒಯ್ಯಬೇಕಿತ್ತು, ಅಷ್ಟೇ.

ಅವಳು ರೊಟ್ಟಿ ಬಡಿಯುತ್ತಿದ್ದ ನನ್ನ ಹತ್ತಿರ ಬಂದು ಕೂತಳು. "ಹೆಣಾ ಎತ್ತಿ ಎತ್ತಿ ಸಾಕಾಗ್ಯದ ವೈನಿ. ಜೀವ ಇರೋ ಹುಡಿಗ್ಯಾರಿಗೆ ಕಲಿಸ್ತೇನಿ. ಹೋಗ್ತೇನಿ."

"ಹೋಗಂತಿ," ಎಂದೆ. ಅವಳು ಹೋದರೆ ಅತ್ತೆಯ ಹಾಸಿಗೆ ಯಾರ ಪಾಲಿಗೆ ಬರುತ್ತದೆ ಎಂದು ಅಷ್ಟರಲ್ಲಿ ಲೆಕ್ಕ ಹಾಕಿ ಮುಗಿದಿತ್ತು.

ಸರ್ಟಿಫಿಕೇಟುಗಳನ್ನು ಟ್ರಂಕಿನಲ್ಲಿ ಗೆದ್ದಲು ತಿಂದಿತ್ತು. ಉಳಿದದ್ದು ಕಪ್ಪು. ಎರಡು ದಿನ ಅಟ್ಟ ಹತ್ತಿ ಹುಡುಕಿದಳು. ಕಾಳಿನ ಗಡಿಗೆ, ಹಳೆಯ ನೇಗಿಲು, ಮುರಿದ ತೊಟ್ಟಿಲು, ಎಲ್ಲವನ್ನೂ ಆ ಒಂದೇ ಕೈಯಲ್ಲಿ ಸರಿಸಿದಳು. ನಾನು ಕೆಳಗೆ ಕೂತು ಜೋಳ ಹಸನು ಮಾಡುತ್ತ ನೋಡುತ್ತಿದ್ದೆ. ಮೂರನೆಯ ದಿನ ತಲೆತುಂಬ ಜೇಡರಬಲೆ ಕಟ್ಟಿಕೊಂಡು ಸ್ನಾನಕ್ಕೆ ಬಂದಳು. ಬಿಸಿನೀರು ತೋಡುತ್ತಿದ್ದಾಗ ಹೇಳಿಬಿಟ್ಟೆ.

"ಅಟ್ಟದ ಮ್ಯಾಲ ಏನೂ ಇಲ್ಲ ಬೇ. ಈ ಹಂಡೆ ನೋಡು, ಇದ ನಿನ್ನ ಕಪ್ಪ."

ಕೈಯಲ್ಲಿದ್ದ ತಂಬಿಗೆಯಿಂದ ಹಂಡೆಯ ಅಂಚನ್ನು ಒಮ್ಮೆ ಬಡಿದು ನೋಡಿದಳು.

"ಎಷ್ಟ ಕೊಡ ಹಿಡೀತದ?"

"ಐದು."

"ಮಂದ ಅದ," ಎಂದಳು. "ಇನ್ನೂ ಇಪ್ಪತ್ತ ವರ್ಷ ಬಾಳತದ." ತಂಬಿಗೆ ಕೆಳಗಿಟ್ಟು ಹೊರಗೆ ಹೋದಳು. ಅಂದಿನಿಂದ ಆ ಹಂಡೆಯ ನೀರನ್ನು ಅವಳು ಮೈಗೆ ಹಾಕಿಕೊಂಡಿಲ್ಲ.

ಆದರೂ ಗುಲ್ಬರ್ಗಾಕ್ಕೆ ಹೊರಟಳು. ಹೆಂಗಸು ಒಬ್ಬಳೇ ಹೋಗಬಾರದೆಂದು ನನ್ನನ್ನು ಜೊತೆಗೆ ಕಳಿಸಿದರು. ಮಾಸ್ತರರು ಅಲ್ಲಿಗೇ ಬಂದರು. ಶಾಲೆಯ ದೊಡ್ಡ ಬಾಯೋರು, ಅಂದರೆ ಮುಖ್ಯೋಪಾಧ್ಯಾಯಿನಿ, ಕಾಗದಕ್ಕೆ ಗೆದ್ದಲು ಹತ್ತಿದ್ದು, ಕಪ್ಪು ಮಾರಿದ್ದು ಎಲ್ಲ ಅವಳಿಂದ ಕೇಳಿಕೊಂಡು, ಈಜಿ ತೋರಿಸು ಎಂದರು. ಯಾರದೋ ಚೂಡಿದಾರ ಹಾಕಿಕೊಂಡು ನೀರಿಗಿಳಿದು ಅಂಗಾತ ಮಲಗಿದಳು. ಎಡಗೈ ಅರ್ಧಕ್ಕೇ ನಿಲ್ಲುತ್ತಿತ್ತು. ಬಲಗೈ, ಕಾಲು ಸಾಕಾಗಿದ್ದವು. ಕೊಳದ ಆ ತುದಿಯಿಂದ ಈ ತುದಿಗೆ ಸೀದಾ ಗೆರೆ ಎಳೆದ ಹಾಗೆ ಬಂದಳು. ಹುಡುಗಿಯರು ಚಪ್ಪಾಳೆ ತಟ್ಟಿದರು.

"ಚಂದ ಈಜ್ತೀರಿ," ಎಂದರು ಬಾಯೋರು. "ಆದ್ರ ಕಾಗದ ಬೇಕಲ್ಲ. ಮಾಸ್ತರು ನಿಮ್ಮನ್ನ ಕರ್ಕೊಂಡ ಬಂದವ್ರು, ಅವರ ಮಾತೊಂದ ಸಾಲಂಗಿಲ್ಲ. ಕಪ್ಪ ಇದ್ವು, ಮಾರಿಬಿಟ್ಟೀವಿ ಅಂತ ಮನ್ಯಾವ್ರು ಯಾರರೆ ನಾಲ್ಕ ಸಾಲ ಬರದು ಕೊಡ್ರಿ. ನಾ ಕಮಿಟಿ ಮುಂದ ಇಡ್ತೇನಿ." ಆಮೇಲೆ ನನ್ನ ಕಡೆ ತಿರುಗಿದರು. "ನೀವು ವೈನಿ ಅಲ್ರೀ? ನೀವ ಬರೀರಿ."

"ನಂಗ ಬರಿಯಾಕ ಬರಂಗಿಲ್ರಿ."

"ಇರಲಿ, ನಾ ಬರೀತೇನಿ. ನೀವು ಹೆಬ್ಬೆಟ್ಟ ಒತ್ತರಿ."

ನಾದಿನಿ ಒದ್ದೆ ಬಟ್ಟೆಯಲ್ಲಿ ನಿಂತಿದ್ದಳು. ನೀರು ಅವಳ ಕಾಲ ಕೆಳಗೆ ಹರಿದು ನನ್ನ ಚಪ್ಪಲಿಯ ತನಕ ಬಂತು.

"ನಾ ಕಪ್ಪ ನೋಡೇ ಇಲ್ರಿ," ಎಂದೆ. "ಇದ್ವೋ ಇಲ್ವೋ, ನಂಗೇನ್ ಗೊತ್ತ."

ಅವಳು ನನ್ನ ಮುಖ ನೋಡಲಿಲ್ಲ, ನನ್ನ ಉಗುರು ನೋಡಿದಳು. ಆಮೇಲೆ ಬಟ್ಟೆ ಬದಲಿಸಲು ಒಳಗೆ ಹೋದಳು.

ಅಫಜಲಪುರದ ಬಸ್ಸಿನಲ್ಲಿ ಕಿಟಕಿಯ ಕಡೆ ಕೂತಿದ್ದಳು. ಅರ್ಧ ದಾರಿ ಕಳೆದ ಮೇಲೆ ಕೇಳಿದಳು.

"ಅಷ್ಟೂ ಕಪ್ಪ ತಿಕ್ಕಾಕ ಎಷ್ಟ ಹುಣಸಿಹಣ್ಣ ಹತ್ತತಿತ್ತ ವೈನಿ?"

"ಭಾಳ," ಎಂದೆ.

ಅಷ್ಟೇ. ಮರುದಿನ ಬೆಳಿಗ್ಗೆ ಎದ್ದು ಎಂದಿನಂತೆ ಹಂಡೆಗೆ ಉರಿ ಹಾಕಿ, ಅತ್ತೆಯನ್ನು ಎಬ್ಬಿಸಿ ಕೂರಿಸಿದಳು. ಅತ್ತೆ ಇನ್ನೂ ಆರು ವರ್ಷ ಬದುಕಿದಳು. ಅಷ್ಟೂ ವರ್ಷ ನಾನು ಅವಳ ಹಾಸಿಗೆ ಮುಟ್ಟಲಿಲ್ಲ.

ನನಗೆ ಬರೆಯಲು ಬರುತ್ತದೆ. ಮೂರನೇ ಇಯತ್ತೆಯದು, ಅಕ್ಷರ ಸೊಟ್ಟ, ಆದರೆ ನಾಲ್ಕು ಸಾಲಿಗೆ ಸಾಕಾಗುತ್ತಿತ್ತು. ಅವಳಿಗೂ ಗೊತ್ತಿತ್ತು. ಅವಳು ಈಜಿನ ಶಿಬಿರಕ್ಕೆಂದು ಬೆಂಗಳೂರಿನಲ್ಲಿದ್ದಾಗ ಅವಳಿಗೆ ಮನೆಯ ಕಾಗದಗಳನ್ನು ಬರೆಯುತ್ತಿದ್ದವಳು ನಾನೇ.

ಗುಲ್ಬರ್ಗಾದಿಂದ ಬಂದ ಮೇಲೆ ಹೆಣ ತೆಗೆಯಲು ಕರೆದರೆ ಅವಳು ಹೋಗಲಿಲ್ಲ. ಪೊಲೀಸರು ಬೈದು ಹೋದರು. ಮಧ್ಯಾಹ್ನ ಕೆಲಸ ಮುಗಿಸಿ ಹೊಲದ ಬಾವಿಗೆ ಹೋಗಿ ಅಂಗಾತ ಬಿದ್ದುಕೊಳ್ಳುತ್ತಿದ್ದಳು. ನಾನು ದಂಡೆಯ ಮೇಲೆ ನಿಂತು, ದನ ಬಂದಾವ, ಸಾಕ ಬಾ ಎಂದು ಕೂಗುತ್ತಿದ್ದೆ. ಹಾಗೆ ಮಲಗಿದವರ ಕಿವಿ ನೀರಿನೊಳಗಿರುತ್ತದೆ, ಕೂಗಿದ್ದು ಕೇಳಿಸುವುದಿಲ್ಲ. ಕಣ್ಣು ಮಾತ್ರ ಮೇಲಿರುತ್ತದೆ. ನಾನು ನಿಂತದ್ದು ಅವಳಿಗೆ ಕಾಣುತ್ತಿತ್ತು. ನೋಡುತ್ತಲೇ ಒಂದು ಕೈ ಎಸೆದು ಆಚೆಯ ಗೋಡೆಗೆ ಹೋಗುತ್ತಿದ್ದಳು. ಎಷ್ಟೋ ಸಲ ನಾನೇ ದನ ಕಟ್ಟಿ ಹಾಲು ಹಿಂಡಿದ್ದೇನೆ.