ಹಂಪಯ್ಯನ ದಾರ
ನಮ್ಮ ಸನತ್‌ನಗರದ ಗೌಂಡಿ ಹಂಪಯ್ಯನಿಗೆ ಭಾನುವಾರವೆಂದರೆ ಕೆರೆ. ಗಾಳಕ್ಕೆ ನೆನೆಸಿದ ಜೋಳದ ರೊಟ್ಟಿ ಸಿಕ್ಕಿಸಿ, ಭಾರಕ್ಕೆ ಗೋಡೆಯ ನೇರ ನೋಡುವ ತೂಗುಗುಂಡನ್ನೇ ಕಟ್ಟಿ ದಾರ ಬಿಡುವ ಮನುಷ್ಯ ಇಡೀ ಹೈದರಾಬಾದಿನಲ್ಲಿ ಇವನೊಬ್ಬನೇ ಇರಬೇಕು. ಹಿಂದೆ ಹಿಡಿದ ಮೀನುಗಳ ಮಾತು ಬಂತೆಂದರೆ ಎರಡೂ ತೋಳು ಚಾಚುತ್ತಾನೆ. ಪಕ್ಕದಲ್ಲಿ ಕೂತ ನಾನು ಸರಿದು ಜಾಗ ಕೊಡಬೇಕು. ಬರಿಗೈಯಲ್ಲಿ ಮರಳಿದರೂ ಸಿಳ್ಳೆ ಹೊಡೆಯುತ್ತಲೇ ಮನೆ ಸೇರುತ್ತಾನೆ. ಹೆಂಡತಿ ಶಿವಗಂಗಾ ಪುಂಡಿಸೊಪ್ಪಿನ ಪಲ್ಯ ಬಡಿಸುತ್ತಾಳೆ. “ಮೀನು ಎಲ್ಲಿಗೂ ಹೋಗಿಲ್ರಿ. ಮ್ಯಾಲಿನ ನೀರು ಭಾಳ ಕಾದಾವ, ತಂಪಿಗಂತ ಕೆಳಗ ಇಳಿದಾವ,” ಎಂದು ನನಗೆ ಹೇಳುತ್ತ ಹಂಪಯ್ಯ ಪ್ರತಿ ಬೇಸಿಗೆಗೂ ದಾರಕ್ಕೆ ಒಂದು ಮೊಳ ಸೇರಿಸಿ ಗಂಟು ಹಾಕುತ್ತಾನೆ. ಹಾಗೆ ಹನ್ನೊಂದು ಗಂಟಾದವು. ಈ ಏಪ್ರಿಲ್‌ನಲ್ಲಿ ಹೊಸ ಗಂಟು ನೀರು ಮುಟ್ಟುವ ಮೊದಲೇ ದಾರ ಸಡಿಲಾಯಿತು. ಮೇಲೆಳೆದರೆ ತೂಗುಗುಂಡಿಗೆ ಕೆರೆಯ ತಳದ ಕೆಸರು ಮೆತ್ತಿತ್ತು. ಹಂಪಯ್ಯ ಅದನ್ನು ಹೆಬ್ಬೆರಳಿನಿಂದ ಒರೆಸಿದ. “ಇನ್ನ ಕೆಳಗ ಹೋಗಾಕ ಅವಕ್ಕ ಜಾಗಾ ಇಲ್ರಿ,” ಎಂದ. ಈಗಲೂ ಒಂದು ಭಾನುವಾರವನ್ನೂ ತಪ್ಪಿಸುವುದಿಲ್ಲ, ಸಿಳ್ಳೆಯೂ ನಿಂತಿಲ್ಲ. ರೊಟ್ಟಿ ಕಟ್ಟಿ ದಾರ ಬಿಡುತ್ತಾನೆ. ಗಾಳವನ್ನು ಮಾತ್ರ ಬಿಚ್ಚಿಟ್ಟಿದ್ದಾನೆ.