ಅಂಗಾತ ಮಲಗಿದ ದಿಬ್ಬಣ

ನಾನು ಒಂದು ಸಂಸ್ಥೆಯ ಕಾರ್ಯದರ್ಶಿಯಾದದ್ದು ಫೋನು ಬಂದದ್ದರಿಂದ. ಸುಳ್ಳಲ್ಲ. ಸಭೆ ನಡೆದಿತ್ತು, ಫೋನು ಬಂತು, ಎದ್ದು ಹೊರಗೆ ಹೋದೆ. ಐದು ನಿಮಿಷ ಮಾತಾಡಿ ಒಳಗೆ ಬರುವಷ್ಟರಲ್ಲಿ ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟುತ್ತಿದ್ದರು. ಯಾಕೆಂದು ತಿಳಿಯದೆ ನಾನೂ ತಟ್ಟಿದೆ. ಆಮೇಲೆ ಗೊತ್ತಾಯಿತು, ನಾನು ಅವಿರೋಧವಾಗಿ ಆಯ್ಕೆಯಾಗಿದ್ದೇನೆಂದು. ವಿರೋಧಿಸುವ ಒಬ್ಬನೇ ಮನುಷ್ಯ ಹೊರಗೆ ಫೋನಿನಲ್ಲಿದ್ದ.

ನನ್ನಲ್ಲಿ ಅವರು ಕಂಡ ಯೋಗ್ಯತೆ ಏನೆಂದು ನೀವು ಕೇಳಬಹುದು. ಹಾನಗಲ್ಲಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಅಷ್ಟೇ.

ಸಂಸ್ಥೆಯ ಹೆಸರು ‘ಹಾನಗಲ್ಲ ಶಿಗ್ಗಾಂವ ಸವಣೂರ ಹಿರೇಕೆರೂರ ಪರಂಪರೆ ಬಳಗ’. ನಾಲ್ಕೂ ತಾಲ್ಲೂಕಿನ ಹಳೆಯ ಗುಡಿ, ಕೆರೆ, ವೀರಗಲ್ಲು, ಕೋಟೆಗೋಡೆಗಳನ್ನು ಜನರಿಗೆ ತೋರಿಸುವುದು ಉದ್ದೇಶ. ಮೊದಲ ಬ್ಯಾನರು ಬರೆಸಿದಾಗ ಪೇಂಟರು ಹಾನಗಲ್ಲನ್ನು ದೊಡ್ಡದಾಗಿ ಬರೆದ. ಶಿಗ್ಗಾಂವಿಗೆ ಬರುವಾಗ ಅಂದಾಜು ತಪ್ಪಿತು. ಸವಣೂರಿಗೆ ಬರುವಾಗ ಗಾಬರಿಯಾದ. ಹಿರೇಕೆರೂರು ಬ್ಯಾನರಿನ ತುದಿಯಲ್ಲಿ ಇರುವೆ ಸಾಲಿನಂತೆ ಮುದುಡಿಕೊಂಡಿತು. ಅದನ್ನು ಮೂಗು ತಾಗಿಸಿ ಓದಿದ ಹಿರೇಕೆರೂರಿನ ಸದಸ್ಯರು ಅಲ್ಲಿಯೇ ರಾಜೀನಾಮೆ ಕೊಟ್ಟರು. ಹೀಗೆ ಒಂದಲ್ಲ ಒಂದು ನೆಪದಲ್ಲಿ ಹನ್ನೊಂದು ಮಂದಿ ಕರಗಿ ಮೂವರಾದೆವು. ಮೂವರೂ ಪದಾಧಿಕಾರಿಗಳು. ಬರೇ ಸದಸ್ಯ ಅನ್ನುವವನು ಒಬ್ಬನೂ ಇರಲಿಲ್ಲ. ಪದಾಧಿಕಾರಿ ಎಂಬ ಮಾತನ್ನು ಬಿಡಿಸಿ ನೋಡಿದರೆ ಅದರೊಳಗೆ ಪದವೂ ಇದೆ, ಅಧಿಕಾರವೂ ಇದೆ. ನಮ್ಮ ಪಾಲಿಗೆ ಬಂದದ್ದು ಪದ ಮಾತ್ರ.

ಅಧ್ಯಕ್ಷರು ಚನ್ನಬಸಪ್ಪ ಮಾಸ್ತರರು. ಹೈಸ್ಕೂಲಿನಲ್ಲಿ ಪಿ.ಟಿ. ಕಲಿಸಿ ನಿವೃತ್ತರಾದವರು. ಕೊರಳಿನ ಸೀಟಿಗೆ ಮಾತ್ರ ಇನ್ನೂ ನಿವೃತ್ತಿಯಿಲ್ಲ. ಶಿಲಾಬಾಲಿಕೆಯನ್ನು ವರ್ಣಿಸುವಾಗಲೂ ಅವರು ಮೊದಲು ಗಮನಿಸುವುದು ಆಕೆ ಸರಿಯಾಗಿ ನಿಂತಿದ್ದಾಳೋ ಇಲ್ಲವೋ ಎಂಬುದನ್ನು. ಉಪಾಧ್ಯಕ್ಷೆ ಶಕುಂತಲಕ್ಕ, ನಿವೃತ್ತ ನರ್ಸು. ಊರಿನ ಅರ್ಧ ಜನರನ್ನು ಅವರು ಹುಟ್ಟಿದ ಗಳಿಗೆಯಲ್ಲೇ ತಲೆಕೆಳಗಾಗಿ ನೋಡಿದವರು. ಆದ್ದರಿಂದ ಯಾರ ಮೇಲೂ ಅವರಿಗೆ ಹೆಚ್ಚಿನ ಭಯಭಕ್ತಿ ಇಲ್ಲ.

ಯಾರೂ ಕೇಳದ ಕೆಲಸವನ್ನು ಮೈಮೇಲೆ ಹಾಕಿಕೊಂಡು ಮಾಡುವವರ ಸುಖ ವಿಚಿತ್ರವಾದದ್ದು. ಮನೆಯಲ್ಲಿ ಒಂದು ಕೊಡ ನೀರು ಎತ್ತಿಡದ ನಾನು, ಕೆರೆಯ ದಂಡೆಯಲ್ಲಿ ಮುಳ್ಳುಕಂಟಿ ಕಡಿದು ವೀರಗಲ್ಲು ತೊಳೆದದ್ದಿದೆ. ನನ್ನ ಹೆಂಡತಿ ಅದನ್ನು ನೋಡಿ, “ಆ ಕಲ್ಲಿನ ಪುಣ್ಯಾನ ಪುಣ್ಯ” ಅಂದಿದ್ದಳು.

ಆದರೆ ಬಳಗ ಸೊರಗುತ್ತಿತ್ತು. ನಾವು ಏರ್ಪಡಿಸಿದ ಹಿಂದಿನ ಎರಡು ಪರಂಪರೆ ನಡಿಗೆಗಳಿಗೆ ಒಟ್ಟು ಬಂದವರು ಇಬ್ಬರು. ಅವರಲ್ಲಿ ಒಬ್ಬರು ಬಸ್ಸು ತಪ್ಪಿಸಿಕೊಂಡವರು. ಕೊನೆಗೆ ಒಂದು ಸಭೆಯಲ್ಲಿ ಮಾಸ್ತರರೇ ತಲೆ ತಗ್ಗಿಸಿ ಹೇಳಿದರು: “ಇನ್ನೊಂದು ನಡಿಗಿ ಮಾಡೋಣು. ಹತ್ತು ಮಂದೀನೂ ಬರಲಿಲ್ಲಂದ್ರ ಬಳಗ ಮುಚ್ಚಿಬಿಡೋಣು. ನನಗೂ ಸಾಕಾಗೇತಿ.” ಸೀಟಿ ಊದುವ ಮನುಷ್ಯ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ತಾರಕೇಶ್ವರ ಗುಡಿಯಲ್ಲಿ ನಡಿಗೆ ಎಂದು ಕರಪತ್ರ ಹೊರಡಿಸಿದೆ. ಹಳೆಯ ಶಾಸನಗಳ ಕೊನೆಯಲ್ಲಿ ಒಂದು ಶಾಪವಿರುತ್ತದೆ, ನೀವು ಕೇಳಿರಬಹುದು: ಈ ದಾನವನ್ನು ಕೆಡಿಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದು. ನಡಿಗೆಗೆ ಬಾರದವರಿಗೂ ಅಂಥದ್ದೊಂದು ಸಾಲು ಸೇರಿಸೋಣ ಎಂದೆ. ಮಾಸ್ತರರು ಒಪ್ಪಲಿಲ್ಲ. ಶಕುಂತಲಕ್ಕ ಶಾಪದ ಬದಲು ಉಪ್ಪಿಟ್ಟು ಮಾಡುತ್ತೇನೆಂದರು. “ಮೂವತ್ತು ಮಂದಿಗೆ ಮಾಡ್ತೇನಿ. ಯಾರೂ ಬರಲಿಲ್ಲಂದ್ರ ನೀವಿಬ್ರು ಒಂದು ವಾರ ಅದನ್ನ ತಿನ್ನಬೇಕು, ನೋಡ್ರಿ ಮತ್ತ.”

ಆ ಭಾನುವಾರ ಎಂಟು ಹೊಡೆಯಿತು. ಗುಡಿಯ ಗೇಟಿನ ಹೊರಗೆ, ಬೇವಿನ ಮರದ ಕೆಳಗೆ ನಾವು ಮೂವರು ಮತ್ತು ಒಂದು ಬೋಗುಣಿ ಉಪ್ಪಿಟ್ಟು. ಮಾಸ್ತರರು ಬಿಳಿ ಅಂಗಿ ತೊಟ್ಟು, ಎದೆಗೆ ಗುಲಾಬಿ ರಿಬ್ಬನ್ನಿನ ಬಿಲ್ಲೆ ಸಿಕ್ಕಿಸಿಕೊಂಡಿದ್ದರು. ಹದಿನೈದು ದಿನ ಕನ್ನಡಿಯ ಮುಂದೆ ಭಾಷಣ ಅಭ್ಯಾಸ ಮಾಡಿದ್ದರೆಂದು ಅವರ ಮನೆಯವರು ಹೇಳಿದ್ದರು. ಎಂಟೂಕಾಲಾಯಿತು. ಎಂಟೂವರೆಯಾಯಿತು. ಉಪ್ಪಿಟ್ಟಿನ ಮೇಲೆ ಮುಚ್ಚಿದ ತಾಟನ್ನು ಶಕುಂತಲಕ್ಕ ಎರಡು ಸಲ ತೆಗೆದು ಎರಡು ಸಲ ಮುಚ್ಚಿದರು. ಮಾಸ್ತರರು ಬಿಲ್ಲೆ ಬಿಚ್ಚಲು ಕೈ ಹಾಕಿದರು.

ಅಷ್ಟರಲ್ಲಿ ಒಂದು ಬಸ್ಸು ಬುಸುಗುಡುತ್ತ ಬಂದು ರಸ್ತೆಯ ಪಕ್ಕದಲ್ಲಿ ನಿಂತಿತು. ಒಬ್ಬರ ಹಿಂದೆ ಒಬ್ಬರು ಇಳಿದರು. ಹತ್ತು, ಇಪ್ಪತ್ತು, ನಲವತ್ತು! ರೇಷ್ಮೆ ಸೀರೆಗಳು, ಗರಿಗರಿ ಧೋತರಗಳು, ಕೇಸರಿ ರುಮಾಲುಗಳು, ಮಲ್ಲಿಗೆಯ ವಾಸನೆ. ಪರಂಪರೆಯ ಮೇಲೆ ಜನರಿಗೆ ಇಷ್ಟು ಗೌರವವೇ ಎಂದು ನನ್ನ ಕಣ್ಣು ತುಂಬಿ ಬಂತು. ಮಾಸ್ತರರು ಮೂರು ಹೆಜ್ಜೆಯಲ್ಲಿ ರಸ್ತೆ ದಾಟಿ ಕೈ ಮುಗಿದರು. “ಬರ್ರಿ, ಬರ್ರಿ! ನಿಮ್ಮ ದಾರೀನ ಕಾಯಾಕತ್ತಿದ್ವಿ.”

ಗುಂಪಿನ ಮುಂದೆ ಒಬ್ಬ ಅಜ್ಜಿ ಇದ್ದರು. ಹೆಸರು ಗೌರವ್ವ ಎಂದು ಆಮೇಲೆ ತಿಳಿಯಿತು. ಅವರು ಹಿಂದೆ ತಿರುಗಿ, “ನೋಡ್ರಿ, ಹೇಳಿದಂಗ ಬಂದು ನಿಂತಾರ. ಮಂದಿ ಛಲೋ ಅದಾರ” ಎಂದರು. ನಾನು ಹಿಗ್ಗಿದೆ.

ನಡೆದದ್ದೇನೆಂದರೆ, ಅದು ದುಂಡಸಿಯಿಂದ ಹಿರೇಕೆರೂರಿಗೆ ಹೊರಟಿದ್ದ ಮದುವೆಯ ದಿಬ್ಬಣ. ಮದುಮಗಳು ಸುಜಾತಾ, ಗೌರವ್ವಜ್ಜಿಯ ಮೊಮ್ಮಗಳು. ಹಾನಗಲ್ಲಿನಲ್ಲಿ ನಮ್ಮವರೊಬ್ಬರು ನಿಮ್ಮನ್ನು ಎದುರುಗೊಂಡು ನಾಷ್ಟಾ ಮಾಡಿಸುತ್ತಾರೆ ಎಂದು ಗಂಡಿನ ಕಡೆಯವರು ಮೊದಲೇ ಹೇಳಿ ಕಳಿಸಿದ್ದರು. ಇಂಜಿನ್ ಕಾದು ಬಸ್ಸು ಗುಡಿಯ ಮುಂದೆ ನಿಂತಿತ್ತು. ಇಳಿದು ನೋಡಿದರೆ ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡ ಹಿರಿಯರು ಕೈ ಮುಗಿಯುತ್ತಿದ್ದಾರೆ, ಪಕ್ಕದಲ್ಲಿ ಉಪ್ಪಿಟ್ಟು ಇದೆ! ಅವರು ಇನ್ನೇನು ತಿಳಿಯಬೇಕಿತ್ತು? ನಾವು ಅವರನ್ನು ಪರಂಪರೆಯ ಅಭಿಮಾನಿಗಳೆಂದುಕೊಂಡೆವು, ಅವರು ನಮ್ಮನ್ನು ಬೀಗರೆಂದುಕೊಂಡರು. ಎರಡೂ ಕಡೆ ಅಪಾರ ಸಂತೋಷ.

ಮೂವತ್ತು ಮಂದಿಯ ಉಪ್ಪಿಟ್ಟನ್ನು ಶಕುಂತಲಕ್ಕ ನಲವತ್ತಕ್ಕೆ ಎಳೆದರು. ಕೆನ್ನೆಗೆ ಅರಿಶಿಣ ಹಚ್ಚಿದ್ದ ಹುಡುಗಿಯೊಬ್ಬಳು ತಲೆ ತಗ್ಗಿಸಿ ತಿನ್ನುತ್ತಿದ್ದುದು ನನ್ನ ಕಣ್ಣಿಗೆ ಬಿದ್ದಿತ್ತು. ಈಗಿನ ಹುಡುಗಿಯರಿಗೆ ಹಳೆಯ ಪದ್ಧತಿಯ ಮೇಲೆ ಎಷ್ಟು ಪ್ರೀತಿ ಎಂದುಕೊಂಡು ಸುಮ್ಮನಾದೆ. ನನ್ನಂಥವನನ್ನು ಕಾರ್ಯದರ್ಶಿ ಮಾಡಿದರೆ ಇನ್ನೇನಾದೀತು.

ಕೈ ತೊಳೆದದ್ದೇ ತಡ, ಮಾಸ್ತರರು ಸೀಟಿ ಊದಿದರು. ದಿಬ್ಬಣ ಇಬ್ಬಿಬ್ಬರ ಸಾಲಾಗಿ ಗುಡಿಯೊಳಗೆ ನಡೆಯಿತು. ಹದಿನೈದು ದಿನದ ಭಾಷಣ ಹೊಳೆಯಾಗಿ ಹರಿಯಿತು. ಕಂಬಗಳನ್ನು ತಿರುಗಿಸಿ ಕಡೆದ ರೀತಿ, ಗೋಡೆಯ ಪುಟ್ಟ ಗೋಪುರಗಳು, ಒಂದನ್ನೂ ಬಿಡಲಿಲ್ಲ. ಬೀಗರ ಮಾತಿಗೆ ಅಡ್ಡ ಬರಬಾರದೆಂದು ದಿಬ್ಬಣದವರು ಪ್ರತಿಯೊಂದಕ್ಕೂ ತಲೆಯಾಡಿಸಿದರು. ಅಂಥ ಶ್ರೋತೃಗಳು ಯಾವ ವಿದ್ವಾಂಸನಿಗೂ ಸಿಕ್ಕಿರಲಾರರು.

ಆ ಗುಡಿಯನ್ನು ನೋಡಿದವರಿಗೆ ಗೊತ್ತು, ಮಂಟಪದ ನಡುವೆ ಮೇಲಿನ ಛತ್ತಿನಲ್ಲಿ ಒಂದು ದೊಡ್ಡ ಕಮಲವಿದೆ. ಸುತ್ತಿನೊಳಗೆ ಸುತ್ತಾಗಿ ಎಸಳುಗಳು ಕೆಳಗೆ ಇಳಿದು ಬರುತ್ತವೆ. ಕತ್ತೆತ್ತಿ ನೋಡಿದರೆ ಕುತ್ತಿಗೆ ನೋಯುತ್ತದೆ, ಹೂ ಅರ್ಧ ಮಾತ್ರ ದಕ್ಕುತ್ತದೆ. ಮಾಸ್ತರರು ಅದರ ಕೆಳಗೆ ನಿಂತು ಗಂಭೀರವಾಗಿ, “ಎಲ್ಲಾರೂ ಮಲಕೋರ್ರಿ” ಎಂದರು.

ದಿಬ್ಬಣದವರು ಮುಖ ಮುಖ ನೋಡಿಕೊಂಡರು. “ಅಂಗಾತ ಮಲಕೋಬೇಕ್ರಿ. ಇಲ್ಲಂದ್ರ ಹೂವಿನ ದರ್ಶನ ಆಗೂದಿಲ್ಲ” ಎಂದರು ಮಾಸ್ತರರು.

ಕೇಸರಿ ರುಮಾಲಿನ ಹಿರಿಯರೊಬ್ಬರು ಗೌರವ್ವಜ್ಜಿಯ ಕಿವಿಯಲ್ಲಿ ಕೇಳಿದರು, “ಇದ್ಯಾವ ಶಾಸ್ತ್ರಬೇ?”

“ಅವ್ರ ಮನೆತನದ ಪದ್ಧತಿ ಇರಬೇಕು” ಎಂದರು ಅಜ್ಜಿ. “ಹೆಣ್ಣು ಕೊಡಾಕತ್ತೇವಿ. ಮಲಗಂದ್ರ ಮಲಗೂದು.” ಹಾಗೆಂದವರೇ ಸೆರಗು ಹಾಸಿ ಎಲ್ಲರಿಗಿಂತ ಮೊದಲು ಮಲಗಿಬಿಟ್ಟರು.

ಅಜ್ಜಿ ಮಲಗಿದ ಮೇಲೆ ಇನ್ಯಾರು ನಿಲ್ಲುತ್ತಾರೆ? ನಲವತ್ತು ಜನ ರೇಷ್ಮೆ ಸೀರೆ, ಧೋತರಗಳೊಂದಿಗೆ ತಣ್ಣನೆಯ ಕಲ್ಲಿನ ಮೇಲೆ ಅಂಗಾತ ಮಲಗಿದರು. ಸುಜಾತಾ ಜಡೆಯ ಹೂ ಕೆಡದಂತೆ ಅಜ್ಜಿಯ ತೋಳಿನ ಮೇಲೆ ತಲೆಯಿಟ್ಟಳು. ಸ್ವಲ್ಪ ಹೊತ್ತು ಬಳೆಗಳ ಸದ್ದು, ಕಿಸಿಕಿಸಿ ನಗು. ಆಮೇಲೆ ಒಬ್ಬೊಬ್ಬರ ಕಣ್ಣೂ ಛತ್ತಿಗೆ ನೆಟ್ಟಿತು. ಮೇಲಿನ ಹೂ ಅವರ ಮೇಲೆ ಅರಳಿತ್ತು.

“ನೀವು ನೋಡೀರೇನ್ರಿ ಇದನ್ನ?” ಎಂದು ಅಜ್ಜಿ ಮಲಗಿದಲ್ಲಿಂದಲೇ ಮಾಸ್ತರರನ್ನು ಕೇಳಿದರು.

“ನೂರು ಸಲ ನೋಡೇನಿ.”

“ಮಲಕೊಂಡ?”

ಮಾಸ್ತರರು ಯಾವಾಗಲೂ ಉಳಿದವರನ್ನು ಮಲಗಿಸಿ ತಾವು ನಿಂತು ಭಾಷಣ ಮಾಡಿದವರು. ಮೊಣಕಾಲು ಹಿಡಿದುಕೊಂಡು, ನನ್ನ ಹೆಗಲ ಆಸರೆಯಿಂದ ಮೆಲ್ಲಗೆ ಕುಳಿತರು, ಕುಳಿತು ಮಲಗಿದರು. ಹೇಳಬೇಕಾದ ಮಾತು ಇನ್ನೂ ಎರಡು ಪುಟ ಉಳಿದಿತ್ತು, ನನಗೆ ಗೊತ್ತು, ಝೆರಾಕ್ಸ್ ಮಾಡಿದವನು ನಾನೇ. ಅವರು ಆ ಹಾಳೆಗಳನ್ನು ಮಡಚಿ ತಲೆಯ ಕೆಳಗೆ ಇಟ್ಟುಕೊಂಡರು. ಶಕುಂತಲಕ್ಕನೂ ಮಲಗಿದರು. ನಾನೊಬ್ಬನೇ ನಿಂತು ಏನು ಮಾಡಲಿ?

ಎಷ್ಟು ಹೊತ್ತು ಹಾಗೆ ಇದ್ದೆವೋ. ಬಾಗಿಲ ಕಡೆಯಿಂದ ಒಂದು ಚೀತ್ಕಾರ ಕೇಳಿತು: “ಅಯ್ಯಯ್ಯೋ ಶಿವನ! ಎಲ್ಲಾರೂ ಹೋಗ್ಬಿಟ್ರಲ್ಲೋ!”

ಬಂದವರು ಶಿವಣ್ಣ, ವರನ ಸೋದರಮಾವ. ದಿಬ್ಬಣವನ್ನು ನಿಜವಾಗಿ ಎದುರುಗೊಳ್ಳಬೇಕಾದವರು. ಬಸ್‌ಸ್ಟ್ಯಾಂಡಿನ ಹತ್ತಿರ ಇಡ್ಲಿ ಇಟ್ಟುಕೊಂಡು ಕಾದು ಕಾದು, ಊರೆಲ್ಲ ಹುಡುಕಿ, ಗುಡಿಯ ಮುಂದೆ ಖಾಲಿ ಬಸ್ಸು ಕಂಡು ಒಳಗೆ ಓಡಿ ಬಂದಿದ್ದರು. ನೋಡಿದರೆ ಇಡೀ ಬೀಗರ ಬಳಗ ನೆಲದ ಮೇಲೆ ಕಣ್ಣು ತೆರೆದುಕೊಂಡು ಸಾಲಾಗಿ ಬಿದ್ದಿದೆ! ಹೊರಗೆ ತಿಂದುಬಿಟ್ಟ ಉಪ್ಪಿಟ್ಟಿನ ತಾಟುಗಳನ್ನು ಅವರು ಆಗಲೇ ನೋಡಿದ್ದರು. ಎದೆ ಹಿಡಿದುಕೊಂಡು ಕಂಬಕ್ಕೆ ಒರಗಿದರು.

ಗೌರವ್ವಜ್ಜಿ ಕತ್ತನ್ನೂ ಹೊರಳಿಸಲಿಲ್ಲ. “ಗಪ್ಪಿರೋ ತಮ್ಮಾ, ಹೂ ನೋಡಾಕತ್ತೇವಿ.”

ಶಿವಣ್ಣನ ನಾಡಿ ಹಿಡಿದು ನೋಡಿದ ಶಕುಂತಲಕ್ಕ, “ಏನೂ ಆಗಿಲ್ಲ, ನನ್ನ ಉಪ್ಪಿಟ್ಟು ತಿಂದ್ರ ಯಾರೂ ಸಾಯೂದಿಲ್ಲ” ಎಂದು ಸ್ವಲ್ಪ ಸಿಟ್ಟಿನಿಂದಲೇ ಹೇಳಿದರು. ಆಗ ನಿಜ ಒಂದೊಂದಾಗಿ ಹೊರಬಿತ್ತು. ಇವರು ಬೀಗರಲ್ಲ. ಅವರು ಅಭಿಮಾನಿಗಳಲ್ಲ. ಮಲಗುವುದು ಯಾವ ಮನೆತನದ ಶಾಸ್ತ್ರವೂ ಅಲ್ಲ. ಮಾಸ್ತರರ ಮುಖ ಸಣ್ಣದಾಯಿತು. ಬಂದ ನಲವತ್ತು ಮಂದಿಯಲ್ಲಿ ನಮಗಾಗಿ ಬಂದವರು ಒಬ್ಬರೂ ಇರಲಿಲ್ಲ. “ತಪ್ಪಾತ್ರಿ, ನಿಮ್ಮ ಹೊತ್ತು ಹಾಳು ಮಾಡಿದ್ವಿ” ಎಂದು ಕೈ ಮುಗಿದರು.

ಮೊದಲು ನಕ್ಕವಳು ಸುಜಾತಾ. ಅದುವರೆಗೆ ಮದುಮಗಳೆಂದು ತಲೆ ತಗ್ಗಿಸಿಕೊಂಡಿದ್ದವಳು, ಬಿದ್ದು ಬಿದ್ದು ನಕ್ಕಳು, ಕಾಡಿಗೆ ಕದಡುವಷ್ಟು ನಕ್ಕಳು. ಅವಳ ನಗು ಅಜ್ಜಿಗೆ, ಅಜ್ಜಿಯದು ರುಮಾಲಿನ ಹಿರಿಯರಿಗೆ ಹತ್ತಿತು. ನಗಬಾರದೆಂದು ತುಟಿ ಕಚ್ಚಿದ್ದ ಶಿವಣ್ಣನೂ ಸೋತರು. ಕೊನೆಗೆ ಮಾಸ್ತರರೂ ನಕ್ಕರು. ಉಸಿರೆಳೆದುಕೊಳ್ಳುವಾಗ ಕೊರಳಿನ ಸೀಟಿ ಬಾಯಿಗೆ ತಾಗಿ ‘ಪೀ’ ಎಂದಿತು. ಮತ್ತೆ ಎಲ್ಲರೂ ಬಿದ್ದು ನಕ್ಕರು.

“ಮುಹೂರ್ತ!” ಎಂದು ಯಾರೋ ಕೂಗಿದರು. ಹನ್ನೆರಡೂವರೆಗೆ ಅಕ್ಷತೆ, ಗಂಟೆ ಹತ್ತು ದಾಟಿತ್ತು. ಇಂಜಿನ್ ತಣ್ಣಗಾಗಿತ್ತು. ಎಲ್ಲರೂ ಸೀರೆಯ ನೆರಿಗೆ ಹಿಡಿದುಕೊಂಡು ಬಸ್ಸಿಗೆ ಓಡಿದರು. ಮೆಟ್ಟಿಲ ಮೇಲೆ ನಿಂತ ಗೌರವ್ವಜ್ಜಿ ನಮ್ಮ ಕಡೆ ತಿರುಗಿದರು. “ಹಿಂಗ ನಿಂತ್ರ ಹೆಂಗ? ನಿಮ್ಮ ಮನಿ ಅನ್ನ ಉಂಡೇವಿ. ಹತ್ರಿ, ಹತ್ರಿ.” ನಾವು ಒಂದಿಷ್ಟು ‘ಬ್ಯಾಡ್ರಿ, ಇರ್ಲಿ ಬಿಡ್ರಿ’ ಎಂದು ಹೇಳುತ್ತ ಹೇಳುತ್ತಲೇ ಹತ್ತಿದೆವು. ಶಿವಣ್ಣನ ಇಡ್ಲಿಗಳೂ ಹತ್ತಿದವು. ದಾರಿಯುದ್ದಕ್ಕೂ ಸಿಕ್ಕ ಪ್ರತಿ ಕೆರೆ, ಪ್ರತಿ ಹಾಳುಗುಡಿಯನ್ನು ಮಾಸ್ತರರು ಕಿಟಕಿಯಿಂದ ತೋರಿಸಿದರು. ಈ ಸಲ ಜನ ಪ್ರಶ್ನೆ ಕೇಳಿದರು.

ಮುಹೂರ್ತಕ್ಕೆ ಹತ್ತು ನಿಮಿಷವಿರುವಾಗ ಹಿರೇಕೆರೂರು ಮುಟ್ಟಿದೆವು. ಅಕ್ಷತೆ ಬಿತ್ತು, ಗಟ್ಟಿಮೇಳ ಮೊಳಗಿತು. ಊಟದ ಪಂಕ್ತಿಯಲ್ಲಿ ವರನ ಅಪ್ಪ ಎಲ್ಲರನ್ನೂ ವಿಚಾರಿಸುತ್ತ ಬಂದವರು ನಮ್ಮ ಮುಂದೆ ನಿಂತರು. ಹಾನಗಲ್ಲಿನ ಕತೆ ಅವರನ್ನು ಇನ್ನೂ ಮುಟ್ಟಿರಲಿಲ್ಲ.

“ನೀವು ಹೆಣ್ಣಿನ ಕಡ್ಯಾವ್ರೋ, ನಮ್ಮ ಕಡ್ಯಾವ್ರೋ? ಗುರುತು ಹತ್ತಲಿಲ್ಲ” ಎಂದರು.

ಮಾಸ್ತರರು ಬಾಯಲ್ಲಿದ್ದ ಹೋಳಿಗೆಯನ್ನು ಸಾವಕಾಶ ನುಂಗಿದರು. “ನಾವು ಕಲ್ಲಿನ ಕಡ್ಯಾವ್ರು ರೀ” ಎಂದರು.

ವರನ ಅಪ್ಪ ಒಂದು ಕ್ಷಣ ತಬ್ಬಿಬ್ಬಾದರು. ಆದರೂ ಗೃಹಸ್ಥರು, ಅತಿಥಿಯ ಮಾತನ್ನು ಕೆಳಗೆ ಬೀಳಗೊಡಲಿಲ್ಲ. ನಮ್ಮ ಮೂರು ಎಲೆಗಳನ್ನು ಒಮ್ಮೆ ನೋಡಿ, ಕಳಕಳಿಯಿಂದ ಕೇಳಿದರು: “ಬರೇ ಮೂರ ಮಂದಿ ಬಂದೀರಲ್ರೀ. ದಿಬ್ಬಣ ಭಾಳ ಸಣ್ಣದಾತು.”

ಶಕುಂತಲಕ್ಕ ಅನ್ನಕ್ಕೆ ಕುಳಿ ಮಾಡಿ, ಸಾರು ಬಡಿಸುವವನಿಗಾಗಿ ಕಾಯುತ್ತಿದ್ದರು. ತಲೆ ಎತ್ತದೆ ಹೇಳಿದರು:

“ಉಳಿದಾವ್ರು ಹೊಂಟಾರ್ರಿ. ದಾರ್ಯಾಗ ಅದಾರ.”